ಇಂಗ್ಲಿಷ್ ಅಲಂಕಾರಗಳು: ಹೆಸರು ಆಮೇಲೆ, ಕೆಲಸ ಮೊದಲು

ಇಂಗ್ಲಿಷ್ ಪಾಠದಲ್ಲಿ ಬರುವ ಫಿಗರ್ ಆಫ್ ಸ್ಪೀಚ್, ಭಾಷಣದ ತಂತ್ರಗಳು, ಇವುಗಳ ಬಗ್ಗೆ ಏನೇ ಅನುಮಾನ ಇದ್ದರೂ ಕೇಳಿ ಎಂದು ಹೋದ ತಿಂಗಳು ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತು ಹೇಳುತ್ತವೆ: ಹೆಸರುಗಳೆಲ್ಲ ಬಾಯಿಪಾಠ ಆಗಿವೆ, ಆದರೆ ಸಾಲು ಕಣ್ಣೆದುರು ಬಂದಾಗ ಯಾವ ಹೆಸರು ಎಲ್ಲಿಗೆ ಅಂತ ತಿಳಿಯುವುದಿಲ್ಲ. ಕೆಲವನ್ನು ಆರಿಸಿ ಉತ್ತರಿಸಿದ್ದೇನೆ.

ದ್ವಿತೀಯ ಪಿಯು ವಿದ್ಯಾರ್ಥಿನಿ, ಚಿತ್ರದುರ್ಗ

ಪ್ರಶ್ನೆ: ಮೇಡಂ, 'ಲೈಕ್' ಅಥವಾ 'ಆ್ಯಸ್' ಇದ್ದರೆ ಸಿಮಿಲಿ, ಇಲ್ಲದಿದ್ದರೆ ಮೆಟಫರ್ ಎಂದು ಕಲಿತಿದ್ದೇನೆ. ಟೆಸ್ಟ್‌ನಲ್ಲಿ 'ರವಿ ಈಸ್ ಆ್ಯಸ್ ಟಾಲ್ ಆ್ಯಸ್ ಹಿಸ್ ಬ್ರದರ್' ಎಂಬ ವಾಕ್ಯಕ್ಕೆ ಸಿಮಿಲಿ ಎಂದು ಬರೆದೆ. ತಪ್ಪು ಹಾಕಿದ್ದಾರೆ. ಎರಡು ಸಲ 'ಆ್ಯಸ್' ಇದೆಯಲ್ಲ?

ಉತ್ತರ: ತಪ್ಪು ಹಾಕಿದ್ದು ಸರಿಯಾಗೇ ಇದೆಯಮ್ಮ. ರವಿಯೂ ಮನುಷ್ಯ, ಅವನ ಅಣ್ಣನೂ ಮನುಷ್ಯ. ಟೇಪು ಹಿಡಿದು ಇಬ್ಬರನ್ನೂ ಅಳೆದರೆ ಮಾತು ಮುಗಿಯಿತು. ಅದು ಬರೀ ಹೋಲಿಕೆ. ರವಿ ತೆಂಗಿನಮರದಷ್ಟು ಎತ್ತರ ಎಂದರೆ ಅದು ಸಿಮಿಲಿ, ಯಾಕೆಂದರೆ ಮನುಷ್ಯನೇ ಬೇರೆ, ಮರವೇ ಬೇರೆ, ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದಾಗ ಮನಸ್ಸಿನಲ್ಲಿ ಒಂದು ಚಿತ್ರ ಏಳುತ್ತದೆ.

ನೀವು ಇದನ್ನು ಕನ್ನಡ ತರಗತಿಯಲ್ಲಿ ಆಗಲೇ ಕಲಿತಿದ್ದೀರಿ. 'ಭೀಮದುರ್ಯೋಧನರು ಮದಗಜಗಳಂತೆ ಹೋರಾಡಿದರು' ನೆನಪಿದೆ ಅಲ್ವಾ? ಭೀಮದುರ್ಯೋಧನರು ಉಪಮೇಯ, ಮದಗಜ ಉಪಮಾನ, 'ಅಂತೆ' ಉಪಮಾವಾಚಕ, ಹೋರಾಟ ಸಾಧಾರಣ ಧರ್ಮ. ಇಂಗ್ಲಿಷಿನಲ್ಲಿ ಈ ಮೊದಲ ಎರಡಕ್ಕೆ ಟೆನರ್, ವೆಹಿಕಲ್ ಎಂಬ ಹೆಸರು ಕೊಟ್ಟವರು ಐ.ಎ. ರಿಚರ್ಡ್ಸ್, ಅದೂ 1936ರಲ್ಲಿ. ನಮ್ಮ 'ಕವಿರಾಜಮಾರ್ಗ' ಸುಮಾರು 850ರದ್ದು, ಅದರಲ್ಲಿ ಅರ್ಥಾಲಂಕಾರಗಳಿಗೆ ಒಂದು ಪರಿಚ್ಛೇದವನ್ನೇ ಬಿಟ್ಟುಕೊಟ್ಟಿದೆ. ಇಂಗ್ಲಿಷ್ ಪದ ಕಂಡು ಹೆದರಬೇಡಿ, ಸಾಮಾನು ಹಳೆಯದೇ.

ಇನ್ನು ಮೆಟಫರ್. ಆ ಗ್ರೀಕ್ ಪದದ ಅರ್ಥ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ಗ್ರೀಸ್ ದೇಶದಲ್ಲಿ ಮನೆ ಸಾಮಾನು ಸಾಗಿಸುವ ಲಾರಿಗಳ ಮೇಲೆ ಇವತ್ತಿಗೂ ಇದೇ ಪದ ಬರೆದಿರುತ್ತದೆ. 'ಅವಳ ಮಾತು ಜೇನಿನಂತೆ' ಎಂದಾಗ ಮಾತು ಇಲ್ಲಿ, ಜೇನು ಅಲ್ಲಿ, ನಡುವೆ 'ಅಂತೆ' ಎಂಬ ಗೆರೆ ಇದೆ. 'ಅವಳ ಮಾತು ಜೇನು' ಎಂದರೆ ಗೆರೆ ಅಳಿಸಿತು, ಸಾಮಾನು ಈ ಮನೆಗೆ ಬಂದೇ ಬಿಟ್ಟಿತು. ಹಾಗಾಗಿ ಪದ ಹುಡುಕಬೇಡಿ. ಎರಡು ಬೇರೆ ಜಾತಿಯ ವಸ್ತು ಇವೆಯಾ ಅಂತ ಮೊದಲು ನೋಡಿ, ಗೆರೆ ಇದೆಯಾ ಇಲ್ಲವಾ ಅಂತ ಆಮೇಲೆ ನೋಡಿ.

ಬಿ.ಎ. ವಿದ್ಯಾರ್ಥಿ, ರಾಯಚೂರು

ಪ್ರಶ್ನೆ: 'ಸಿಟಿ', 'ಕ್ಯಾಟ್' ಎರಡೂ ಇಂಗ್ಲಿಷಿನಲ್ಲಿ 'ಸಿ' ಅಕ್ಷರದಿಂದ ಶುರುವಾಗುತ್ತವೆ. ಇದು ಅಲಿಟರೇಶನ್ ಅಲ್ಲ ಎಂದು ಗೆಳೆಯ ವಾದ ಮಾಡುತ್ತಾನೆ. ಯಾರು ಸರಿ?

ಉತ್ತರ: ನಿಮ್ಮ ಗೆಳೆಯ ಸರಿ. ಅಲಿಟರೇಶನ್, ಅಂದರೆ ಪದಗಳ ಮೊದಲ ವ್ಯಂಜನದ ಸದ್ದು ಮರುಕಳಿಸುವುದು, ಇರುವುದು ಕಿವಿಗೆ, ಕಣ್ಣಿಗಲ್ಲ. ಕನ್ನಡ ಬಲ್ಲವರಿಗೆ ಇದರಲ್ಲಿ ದೊಡ್ಡ ಅನುಕೂಲ ಇದೆ. ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಬಿಡಿ. ಸಿಟಿ, ಕ್ಯಾಟ್: ಒಂದು ಸಕಾರ, ಒಂದು ಕಕಾರ, ಆಗಲಿಲ್ಲ. ಫೋನ್, ಫ್ಯಾನ್: ಇಂಗ್ಲಿಷ್ ಕಾಗುಣಿತದಲ್ಲಿ ಬೇರೆ ಅಕ್ಷರ, ಕನ್ನಡದಲ್ಲಿ ಎರಡೂ ಫಕಾರ, ಆಯಿತು. ನೈಫ್, ನೈಟ್: ಅಲ್ಲಿ ಒಂದಕ್ಕೆ 'ಕೆ' ಮೊದಲು ಬರುತ್ತದೆ, ನಾವು ಬರೆಯುವಾಗ ಆ ಸುಮ್ನೆ ಕೂತ 'ಕೆ' ಹಾರಿಹೋಗುತ್ತದೆ, ಎರಡೂ ನಕಾರ. ರೈಮ್‌ಗೂ ಇದೇ ಉಪಾಯ. 'ಲವ್', 'ಮೂವ್' ಇಂಗ್ಲಿಷಿನಲ್ಲಿ ಒಂದೇ ಥರ ಕಾಣುತ್ತವೆ, ಕನ್ನಡದಲ್ಲಿ ಬರೆದ ಕೂಡಲೇ ಸ್ವರ ಬೇರೆ ಅಂತ ಗೊತ್ತಾಗುತ್ತದೆ. ಅದನ್ನು ಐ ರೈಮ್, ಅಂದರೆ ಕಣ್ಣಿನ ಪ್ರಾಸ ಎನ್ನುತ್ತಾರೆ.

ಒಂದು ಎಚ್ಚರಿಕೆ. 'ಪ್ರಾಸ' ಎಂದರೆ ಅಲಿಟರೇಶನ್ ಎಂದು ಕೆಲವು ಗೈಡುಗಳಲ್ಲಿ ಇದೆ. ಹಳಗನ್ನಡ ಪದ್ಯದ ಆದಿಪ್ರಾಸದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಇಂಗ್ಲಿಷಿನಲ್ಲಿ ಅಂಥದ್ದಕ್ಕೆ ಹೆಸರೇ ಇಲ್ಲ. ಅಲಿಟರೇಶನ್‌ಗೆ ಹತ್ತಿರದ್ದು ಅನುಪ್ರಾಸ, ರೈಮ್‌ಗೆ ಹತ್ತಿರದ್ದು ಅಂತ್ಯಪ್ರಾಸ.

ಕನ್ನಡತಿ ತಾಯಿ, ನ್ಯೂಜೆರ್ಸಿ

ಪ್ರಶ್ನೆ: ಮಗಳು ಇಲ್ಲಿ ಹೈಸ್ಕೂಲಿನಲ್ಲಿ ಎಪಿ (ಕಾಲೇಜು ಮಟ್ಟದ) ಇಂಗ್ಲಿಷ್ ಲ್ಯಾಂಗ್ವೇಜ್ ತೆಗೆದುಕೊಂಡಿದ್ದಾಳೆ. ಅದರಲ್ಲಿ ರೆಟರಿಕಲ್ ಅನಾಲಿಸಿಸ್, ಅಂದರೆ ಮಾತಿನ ತಂತ್ರಗಳನ್ನು ಬಿಡಿಸಿ ನೋಡುವ ಪ್ರಬಂಧ ಇದೆ. ಅನಾಫೊರಾ (ಒಂದೇ ಮಾತಿನಿಂದ ಸಾಲುಗಳನ್ನು ಶುರು ಮಾಡುವುದು), ಅಲ್ಯೂಶನ್ (ಹಳೆಯ ಮಾತೊಂದನ್ನು ಹೆಸರು ಹೇಳದೆ ನೆನಪಿಸುವುದು), ಎಲ್ಲ ಗುರುತಿಸುತ್ತಾಳೆ, ಆದರೂ ಅಂಕ ಕಡಿಮೆ. 'ಸೋ ವಾಟ್?' ಎಂದು ಟೀಚರ್ ಅಂಚಿನಲ್ಲಿ ಬರೆಯುತ್ತಾರಂತೆ. ಅವಳು ಅಳುತ್ತಾಳೆ.

ಉತ್ತರ: ಅವಳಿಗೆ ಹೇಳಿ, ಆ ಎರಡು ಪದಗಳಲ್ಲಿ ಟೀಚರ್ ಅವಳಿಗೆ ದಾರಿಯನ್ನೇ ತೋರಿಸಿದ್ದಾರೆ. ಗುರುತಿಸುವ ಕೆಲಸ ಅವಳು ಮುಗಿಸಿದ್ದಾಳೆ, ಅದು ಅರ್ಧ. ಉಳಿದ ಅರ್ಧ ನಾನು ತರಗತಿಯಲ್ಲಿ ಹೇಳಿಕೊಡುತ್ತಿದ್ದ ರೀತಿಯಲ್ಲೇ ಹೇಳುತ್ತೇನೆ: ಅಲಂಕಾರವನ್ನು ಸಾಲಿನಿಂದ ತೆಗೆದು ನೋಡಿ. ತೆಗೆದರೆ ಏನು ಹೋಗುತ್ತದೆ? ಹೋದದ್ದೇ ಉತ್ತರ.

ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾಡಿದ ಭಾಷಣ ಅವಳು ಓದಿಯೇ ಇರುತ್ತಾಳೆ. ಎಲ್ಲರೂ 'ಐ ಹ್ಯಾವ್ ಎ ಡ್ರೀಮ್' ಕಡೆಗೆ ಓಡುತ್ತಾರೆ. ಸ್ವಲ್ಪ ಹಿಂದಕ್ಕೆ ಬನ್ನಿ. ಮೊದಲ ಭಾಗದಲ್ಲಿ ಒಂದು ಚೆಕ್ಕಿನ ಮಾತು ಬರುತ್ತದೆ. ಅಮೆರಿಕ ತನ್ನ ಕಪ್ಪು ಜನರಿಗೆ ಒಂದು ಚೆಕ್ ಕೊಟ್ಟಿತು, ಖಾತೆಯಲ್ಲಿ ಹಣ ಸಾಲದು ಎಂಬ ಷರಾ ಹೊತ್ತು ಅದು ವಾಪಸ್ ಬಂದಿದೆ, ನಾವು ಅದನ್ನು ನಗದು ಮಾಡಿಸಿಕೊಳ್ಳಲು ರಾಜಧಾನಿಗೆ ಬಂದಿದ್ದೇವೆ ಎನ್ನುತ್ತಾರೆ ಕಿಂಗ್. 'ಇಲ್ಲಿ ಮೆಟಫರ್ ಬಳಸಿ ಭಾಷಣವನ್ನು ಆಕರ್ಷಕವಾಗಿ ಮಾಡಿದ್ದಾರೆ' ಎಂದು ಬರೆದರೆ ಟೀಚರ್ 'ಸೋ ವಾಟ್?' ಎನ್ನದೆ ಇನ್ನೇನು ಅನ್ನುತ್ತಾರೆ? ಈಗ ಚೆಕ್ ತೆಗೆದು ನೋಡಿ. 'ನಮಗೆ ಹಕ್ಕು ಕೊಡಿ' ಎಂಬ ಮಾತು ಉಳಿಯುತ್ತದೆ. ಅದು ಕೇಳಿಕೊಳ್ಳುವುದು. ಚೆಕ್ ಇದ್ದಾಗ ಅದು ಕೇಳಿಕೊಳ್ಳುವುದಲ್ಲ, ಬಾಕಿ ವಸೂಲಿ. ಚೆಕ್ ಬೌನ್ಸ್ ಆದರೆ ತಲೆ ತಗ್ಗಿಸಬೇಕಾದವರು ಹಿಡಿದುಕೊಂಡು ಬಂದವರಲ್ಲ, ಸಹಿ ಹಾಕಿದವರು. ಒಂದೇ ಹೋಲಿಕೆಯಲ್ಲಿ ಬೇಡುವವರು ಸಾಲ ಕೊಟ್ಟವರಾದರು, ಕೊಡುವವರು ಸಾಲಗಾರರಾದರು. ಇಷ್ಟನ್ನು ತನ್ನ ಮಾತಿನಲ್ಲಿ ಬರೆದರೆ ಸಾಕು, 'ಮೆಟಫರ್' ಎಂಬ ಪದ ಬರೆಯುವುದು ಮರೆತರೂ ದೊಡ್ಡ ನಷ್ಟವಿಲ್ಲ.

ಅಲ್ಯೂಶನ್‌ಗೂ ಅದೇ. ಕಿಂಗ್ 'ಫೈವ್ ಸ್ಕೋರ್ ಇಯರ್ಸ್ ಅಗೋ' ಎಂದು ಶುರು ಮಾಡುತ್ತಾರೆ. ಸ್ಕೋರ್ ಎಂದರೆ ಇಪ್ಪತ್ತು. ನೂರು ವರ್ಷದ ಹಿಂದೆ ಎಂದು ನೇರವಾಗಿ ಹೇಳಬಹುದಿತ್ತಲ್ಲ? ಲಿಂಕನ್ 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್‌ನಲ್ಲಿ 'ಫೋರ್ ಸ್ಕೋರ್ ಆ್ಯಂಡ್ ಸೆವೆನ್ ಇಯರ್ಸ್ ಅಗೋ' ಎಂದು ಶುರು ಮಾಡಿದ್ದರು. ಎಂಬತ್ತೇಳು ವರ್ಷ ಹಿಂದಕ್ಕೆ ಎಣಿಸಿದರೆ 1776, ಸ್ವಾತಂತ್ರ್ಯ ಘೋಷಣೆಯ ವರ್ಷ. ಕಿಂಗ್ ನಿಂತಿದ್ದು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ, ಗುಲಾಮರ ಬಿಡುಗಡೆಯ ಘೋಷಣೆ ಹೊರಟು ನೂರು ವರ್ಷಕ್ಕೆ. ಆ ಹಳೆಯ ಎಣಿಕೆಯ ಪದ ಕಿವಿಗೆ ಬಿದ್ದ ಕೂಡಲೇ, ಬೆನ್ನ ಹಿಂದೆ ಕಲ್ಲಿನಲ್ಲಿ ಕೂತ ಲಿಂಕನ್ ಅವರ ಪರವಾಗಿ ಸಾಕ್ಷಿ ಹೇಳಿದ ಹಾಗಾಯಿತು.

ಇನ್ನೊಂದು ವಿಷಯ ನಿಮ್ಮ ಮಗಳಿಗೆ ಇಷ್ಟವಾಗಬಹುದು. 'ಐ ಹ್ಯಾವ್ ಎ ಡ್ರೀಮ್' ಎಂದು ಮತ್ತೆ ಮತ್ತೆ ಬರುವ ಭಾಗ ಅವರು ಅಂದು ಬರೆದು ತಂದಿದ್ದ ಪ್ರತಿಯಲ್ಲಿ ಇರಲಿಲ್ಲ. ಬೇರೆ ಕಡೆ ಮೊದಲೇ ಆಡಿದ್ದ ಮಾತು ಅದು, ಅವತ್ತು ಕಾಗದ ಬಿಟ್ಟು ಅದಕ್ಕೆ ಹೊರಳಿದರು. ಕಾಗದ ಬಿಟ್ಟು ಮಾತಾಡುವವರಿಗೆ ಅನಾಫೊರಾ ಒಂದು ಊರುಗೋಲು: ಒಂದೇ ಸಾಲು ಮತ್ತೆ ಶುರುವಾದಾಗ ಮುಂದಿನ ಮಾತು ಹೊಳೆಯಲು ಒಂದು ಕ್ಷಣ ಸಿಗುತ್ತದೆ, ಕೇಳುವವರಿಗೂ ಉಸಿರು ಸಿಗುತ್ತದೆ. ಇದು ನನ್ನ ಅನಿಸಿಕೆ. ಪ್ರಬಂಧದಲ್ಲಿ ಅವಳು ತನ್ನ ಅನಿಸಿಕೆ ಬರೆಯಲಿ.

ಎಂ.ಎ. ವಿದ್ಯಾರ್ಥಿನಿ, ಶಿವಮೊಗ್ಗ

ಪ್ರಶ್ನೆ: ಅನಾಫೊರಾ, ಎಪಿಸ್ಟ್ರಫಿ ಎರಡನ್ನೂ ನೆನಪಿಟ್ಟುಕೊಳ್ಳಲು ಕನ್ನಡ ಉದಾಹರಣೆ ಕೊಡುತ್ತೀರಾ?

ಉತ್ತರ: ಒಂದೇ ಮಾತು ಸಾಲಿನ ತಲೆಯಲ್ಲಿ ಮತ್ತೆ ಮತ್ತೆ ಬಂದರೆ ಅನಾಫೊರಾ, ಸಾಲಿನ ಬಾಲದಲ್ಲಿ ಬಂದರೆ ಎಪಿಸ್ಟ್ರಫಿ. ಚರ್ಚಿಲ್ 1940ರ ಜೂನ್ 4ರಂದು ಬ್ರಿಟನ್ನಿನ ಸಂಸತ್ತಿನಲ್ಲಿ 'ವಿ ಷಲ್ ಫೈಟ್' ಎಂದು ಸಾಲುಗಳನ್ನು ಶುರು ಮಾಡುತ್ತಾ ಹೋದದ್ದು ಅನಾಫೊರಾ. ಲಿಂಕನ್ನರ 'ಆಫ್ ದ ಪೀಪಲ್, ಬೈ ದ ಪೀಪಲ್, ಫಾರ್ ದ ಪೀಪಲ್' ಎಪಿಸ್ಟ್ರಫಿ. ಕನ್ನಡದಲ್ಲಿ ಎಪಿಸ್ಟ್ರಫಿಗೆ ದೂರ ಹೋಗಬೇಕಾಗಿಲ್ಲ, ಬಸವಣ್ಣನವರ 'ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ' ಇದೆಯಲ್ಲ. ಇದರಲ್ಲಿ ಒಂದು ಗುಟ್ಟಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಚರ್ಚಿಲ್ ಸಾಲುಗಳನ್ನು ಕನ್ನಡಕ್ಕೆ ತಂದು ನೋಡಿ, 'ಕಡಲ ತೀರದಲ್ಲಿ ಹೋರಾಡುತ್ತೇವೆ, ಗದ್ದೆಗಳಲ್ಲಿ ಹೋರಾಡುತ್ತೇವೆ, ಬೀದಿಗಳಲ್ಲಿ ಹೋರಾಡುತ್ತೇವೆ', ತಲೆಯಲ್ಲಿದ್ದದ್ದು ತಾನಾಗೇ ಬಾಲಕ್ಕೆ ಬಂತು! ಇಂಗ್ಲಿಷಿಗೆ ಅನಾಫೊರಾ ಸಲೀಸು, ನಮಗೆ ಎಪಿಸ್ಟ್ರಫಿ ಸಲೀಸು. ಅದಕ್ಕೇ ಅನುವಾದ ಓದಿ ಅಲಂಕಾರ ಗುರುತಿಸಬೇಡಿ ಎಂದು ನಾನು ಯಾವಾಗಲೂ ಹೇಳುವುದು.

ಪ್ರೌಢಶಾಲಾ ಶಿಕ್ಷಕರು, ಶಿರಸಿ

ಪ್ರಶ್ನೆ: ಕನ್ನಡ ಮಾಧ್ಯಮದ ಮಕ್ಕಳಿಗೆ ಈಥಾಸ್, ಪೇಥಾಸ್, ಲೋಗಾಸ್ ಹೇಗೆ ಹೇಳಿಕೊಡಲಿ? ಲೋಗಾಸ್ ಎಂದರೆ ಕಂಪನಿಯ ಲೋಗೋ ಎಂದುಕೊಳ್ಳುತ್ತಾರೆ.

ಉತ್ತರ: ಸರ್, ಸಂತೆಗೆ ಕರೆದುಕೊಂಡು ಹೋಗಿ. ನಿಜವಾಗಿ ಹೇಳುತ್ತಿದ್ದೇನೆ. ತರಕಾರಿ ಮಾರುವ ಹೆಂಗಸು 'ಇಪ್ಪತ್ತು ವರ್ಷದಿಂದ ಇದೇ ಜಾಗದಲ್ಲಿ ಕೂರ್ತೀನಿ, ಯಾವತ್ತಾದ್ರೂ ಹುಳುಕು ಕೊಟ್ಟಿದ್ದೀನಾ' ಎಂದರೆ ಈಥಾಸ್, ಮಾತಾಡುವವರ ಮೇಲಿನ ನಂಬಿಕೆ. 'ಮುರಿದು ನೋಡಿ ಅಕ್ಕಾ, ಬೆಂಡೆಕಾಯಿ ಟಕ್ ಅನ್ನುತ್ತೆ' ಎಂದರೆ ಲೋಗಾಸ್, ಕಾರಣ ಮತ್ತು ಪುರಾವೆ. 'ಬೋಣಿ ನಿಮ್ಮ ಕೈಯಿಂದ ಆಗಲಿ ತಾಯಿ, ಇನ್ನೂ ಒಂದು ಪೈಸೆ ವ್ಯಾಪಾರ ಆಗಿಲ್ಲ' ಎಂದರೆ ಪೇಥಾಸ್, ಕೇಳುವವರ ಮನಸ್ಸು. ಮನವೊಲಿಸುವ ಈ ಮೂರು ದಾರಿಗಳನ್ನೂ ಅರಿಸ್ಟಾಟಲ್ ಕ್ರಿ.ಪೂ. 4ನೇ ಶತಮಾನದಲ್ಲೇ ವಿಂಗಡಿಸಿದ್ದ. ಈಥಾಸ್ ಬಗ್ಗೆ ಅವನದೊಂದು ಒಳ್ಳೆಯ ಮಾತಿದೆ: ನಂಬಿಕೆ ಹುಟ್ಟಬೇಕಾದ್ದು ಆ ಮಾತಿನಿಂದಲೇ, ಮೊದಲೇ ಗಳಿಸಿದ ಹೆಸರಿನಿಂದಲ್ಲ ಅಂತ. ಮಕ್ಕಳು ಈಥಾಸ್ ಎಂದ ಕೂಡಲೇ 'ಅವರು ದೊಡ್ಡ ಮನುಷ್ಯರು' ಎಂದು ಬರೆದು ನಿಲ್ಲಿಸುತ್ತಾರೆ. ಅವರ ಯಾವ ಮಾತು ನಿನಗೆ ನಂಬಿಕೆ ತರಿಸಿತು ಎಂದು ಕೇಳಿ.

ಪೇಥಾಸ್ ಎಂದರೆ ಕಣ್ಣೀರು ಮಾತ್ರ ಅಲ್ಲ ಎನ್ನುವುದನ್ನೂ ಹೇಳಿಬಿಡಿ. ಭಯ, ಕೋಪ, ಹೆಮ್ಮೆ, ನಾಚಿಕೆ, ಎಲ್ಲವೂ ಅದೇ. 'ಇವತ್ತೇ ಕೊನೆಯ ದಿನ' ಎಂಬ ಸೀರೆ ಅಂಗಡಿಯ ಬೋರ್ಡು ತಟ್ಟುವುದು ಕೈತಪ್ಪಿ ಹೋದೀತು ಎಂಬ ಭಯವನ್ನು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಧಾರವಾಡ

ಪ್ರಶ್ನೆ: ಮೆಟಾನಿಮಿ, ಸಿನೆಕ್ಡಕಿ. ಪ್ರತಿ ಸಲ ಅದಲುಬದಲು ಆಗುತ್ತದೆ.

ಉತ್ತರ: 'ಆ ಮನೆಯಲ್ಲಿ ತಿನ್ನುವ ಬಾಯಿ ಹತ್ತು, ದುಡಿಯುವ ಕೈ ಎರಡು.' ಬಾಯಿ, ಕೈ ಎರಡೂ ಮನುಷ್ಯನ ಮೈಯ ಭಾಗ. ಭಾಗ ಹೇಳಿ ಇಡೀ ಮನುಷ್ಯನನ್ನು ಸೂಚಿಸಿದರೆ ಸಿನೆಕ್ಡಕಿ. 'ವಿಧಾನಸೌಧ ಇನ್ನೂ ಬಾಯಿ ಬಿಟ್ಟಿಲ್ಲ' ಎಂದರೆ ಕಟ್ಟಡ ಸರ್ಕಾರದ ಭಾಗವಲ್ಲ, ಸರ್ಕಾರಕ್ಕೆ ಅಂಟಿಕೊಂಡ ಜಾಗ. ಅಂಟಿಕೊಂಡದ್ದನ್ನು ಹೇಳಿ ಇದನ್ನು ಸೂಚಿಸಿದರೆ ಮೆಟಾನಿಮಿ. ಕತ್ತರಿಸಿದರೆ ರಕ್ತ ಬರುತ್ತದಾ ಎಂದು ಕೇಳಿಕೊಳ್ಳಿ, ಬಂದರೆ ಸಿನೆಕ್ಡಕಿ. ಗಡಿಯಲ್ಲಿ ನಿಲ್ಲುವ ಉದಾಹರಣೆಗಳೂ ಇವೆ, ಪಂಡಿತರೇ ಜಗಳ ಆಡುತ್ತಾರೆ, ಅವುಗಳ ಮೇಲೆ ಜಾಸ್ತಿ ಹೊತ್ತು ಕಳೆಯಬೇಡಿ.

ಮೂವರ ಚಿಕ್ಕ ಪ್ರಶ್ನೆಗಳು

ಉಚ್ಚಾರಣೆ ಹೇಳಿ (ಕೋಲಾರ): 'ಸಿಮೈಲ್' ಅಲ್ಲ, ಸಿಮಿಲಿ. 'ಹೈಪರ್‌ಬೋಲ್' ಅಲ್ಲ, ಹೈಪರ್ಬಲಿ (ಅತಿಶಯೋಕ್ತಿ). ಗ್ರೀಕ್, ಲ್ಯಾಟಿನ್‌ಗಳಿಂದ ಬಂದ ಹಲವು ಪದಗಳಲ್ಲಿ ಕೊನೆಯ 'ಇ' ಮೂಕ ಅಲ್ಲ. ಎಪಿಸ್ಟ್ರಫಿ, ಸಿನೆಕ್ಡಕಿ ಕೂಡ ಹಾಗೇ.

ಆಕ್ಸಿಮೋರಾನ್ ಮತ್ತು ಪ್ಯಾರಡಾಕ್ಸ್ ಒಂದೇನಾ (ಮಂಡ್ಯ): ಅಲ್ಲ. ವಿರುದ್ಧ ಪದಗಳು ಪಕ್ಕಪಕ್ಕ ಕೂತರೆ ಆಕ್ಸಿಮೋರಾನ್, 'ಓಪನ್ ಸೀಕ್ರೆಟ್' ಥರ. ಇಡೀ ಮಾತೇ ಮೊದಲು ತಪ್ಪು ಅನಿಸಿ, ಯೋಚಿಸಿದಾಗ ಸರಿ ಅನಿಸಿದರೆ ಪ್ಯಾರಡಾಕ್ಸ್. ವರ್ಡ್ಸ್‌ವರ್ತ್ ಮಗುವನ್ನು ಮನುಷ್ಯನ ತಂದೆ ಎಂದದ್ದು ಅಂಥದ್ದು. ಅಂದಹಾಗೆ ಆಕ್ಸಿಮೋರಾನ್ ಎಂಬ ಗ್ರೀಕ್ ಪದದ ಒಳಗೇ 'ಚೂಪು' ಮತ್ತು 'ಮೊಂಡು' ಎರಡೂ ಇವೆ.

'ಥಳಥಳ' ಆನಮ್ಯಾಟಪಿಯಾ ಆಗುತ್ತದಾ (ಬೀದರ್): ಒಳ್ಳೆಯ ಪ್ರಶ್ನೆ, ನನಗೆ ಬಹಳ ಖುಷಿಯಾಯಿತು. ಆಗುವುದಿಲ್ಲ. 'ಪಟಪಟ', 'ದಡದಡ' ಆಗುತ್ತವೆ, ಅವು ನಿಜವಾದ ಸದ್ದಿನ ನಕಲು. ಹೊಳಪಿಗೆ ಸದ್ದಿಲ್ಲವಲ್ಲ. ಕಣ್ಣಿಗೆ ಕಂಡದ್ದನ್ನು ಕಿವಿಗೆ ಕೇಳಿಸುವ ಇಂಥ ಪದಗಳು ಕನ್ನಡದಲ್ಲಿ ರಾಶಿ ಇವೆ, ಇಂಗ್ಲಿಷಿನಲ್ಲಿ ಬಹಳ ಕಡಿಮೆ.

ಗೃಹಿಣಿ, ಉಡುಪಿ

ಪ್ರಶ್ನೆ: ಮಗ 'ಮದುವೆ ದಿನವೇ ಮಳೆ ಬಂದದ್ದು ಐರನಿ' ಎಂದು ಬರೆದಿದ್ದಾನೆ. ಸರಿಯೇ?

ಉತ್ತರ: ಅದು ದುರದೃಷ್ಟ, ಐರನಿ ಅಲ್ಲ. ಅಗ್ನಿಶಾಮಕ ಠಾಣೆಗೇ ಬೆಂಕಿ ಬಿದ್ದರೆ ಐರನಿ, ಏನು ನಡೆಯಬಾರದು ಎಂದು ಆ ಜಾಗ ಇದೆಯೋ ಅದೇ ಅಲ್ಲಿ ನಡೆಯಿತು. ತಡವಾಗಿ ಬಂದ ಮಗನಿಗೆ ನೀವು 'ಎಷ್ಟು ಬೇಗ ಬಂದೆಯಪ್ಪಾ' ಎನ್ನುತ್ತೀರಲ್ಲ, ಅದು ವರ್ಬಲ್ ಐರನಿ. ಚುಚ್ಚಬೇಕು ಎಂದೇ ಹೇಳಿದರೆ ಸರ್ಕ್ಯಾಸಮ್. ನಾವು ಎರಡಕ್ಕೂ 'ವ್ಯಂಗ್ಯ' ಎಂದುಬಿಡುತ್ತೇವೆ, ಗೊಂದಲ ಅಲ್ಲಿಂದಲೇ. ಮೂರನೆಯದು ಡ್ರಮ್ಯಾಟಿಕ್ ಐರನಿ. ಯಕ್ಷಗಾನದಲ್ಲಿ ನೀವು ನೋಡಿಯೇ ಇರುತ್ತೀರಿ. ಸನ್ಯಾಸಿ ವೇಷದ ರಾವಣ ಸೀತೆಯ ಗುಡಿಸಲ ಮುಂದೆ ಭಿಕ್ಷೆ ಕೇಳುತ್ತಾನೆ. ಅವನು ಯಾರೆಂದು ಚೌಕಿಯಿಂದ ಹಿಡಿದು ಹಿಂದಿನ ಸಾಲಿನ ಮಗುವಿನ ತನಕ ಎಲ್ಲರಿಗೂ ಗೊತ್ತು, ಸೀತೆಗೆ ಮಾತ್ರ ಗೊತ್ತಿಲ್ಲ. ಅವಳು ಭಕ್ತಿಯಿಂದ ಆಡುವ ಒಂದೊಂದು ಮಾತಿಗೂ ನಮ್ಮ ಎದೆ ಹಿಡಿದುಕೊಳ್ಳುತ್ತದೆ.

ಪ್ರಥಮ ಪಿಯು ವಿದ್ಯಾರ್ಥಿ, ಬಳ್ಳಾರಿ

ಪ್ರಶ್ನೆ: ನೆಹರೂ 1947ರ ಆಗಸ್ಟ್ 14ರ ರಾತ್ರಿ, ಜಗತ್ತು ಮಲಗಿರುವಾಗ ಭಾರತ ಎಚ್ಚರಗೊಳ್ಳುತ್ತದೆ ಎಂದರು. ನಮ್ಮ ಮಧ್ಯರಾತ್ರಿಗೆ ಅಮೆರಿಕದಲ್ಲಿ ಹಗಲು. ಇದು ತಪ್ಪಲ್ಲವೇ?

ಉತ್ತರ: ಭೂಗೋಳದ ಪ್ರಕಾರ ತಪ್ಪೇ. ನ್ಯೂಯಾರ್ಕಿನಲ್ಲಿ ಮಧ್ಯಾಹ್ನ, ಲಂಡನ್ನಿನಲ್ಲಿ ಸಂಜೆ. ಆದರೆ ತೆಗೆದು ನೋಡುವ ಪರೀಕ್ಷೆ ಮಾಡಿ. 'ಮಧ್ಯರಾತ್ರಿ ಭಾರತ ಸ್ವತಂತ್ರವಾಗುತ್ತದೆ' ಎಂದಷ್ಟೇ ಉಳಿದರೆ ಅದು ಸಮಯದ ಪ್ರಕಟಣೆ. ಮಲಗುವುದು, ಏಳುವುದು ಎಂಬ ಆ್ಯಂಟಿಥಿಸಿಸ್ (ವಿರುದ್ಧಗಳ ಜೋಡಿ) ಇದ್ದಾಗ ದೇಶ ಒಬ್ಬ ಮನುಷ್ಯನಾಗುತ್ತದೆ, ಬಹಳ ಕಾಲ ಮಲಗಿದ್ದ ಮನುಷ್ಯ. ಅದು ಪರ್ಸಾನಿಫಿಕೇಶನ್. ಪರೀಕ್ಷೆಯಲ್ಲಿ ಎರಡನ್ನೂ ಬರೆಯಿರಿ, ಸಮಯದ ಲೆಕ್ಕವನ್ನೂ ಒಂದು ಸಾಲಿನಲ್ಲಿ ಬರೆದರೆ ನಾನಾಗಿದ್ದರೆ ಅಂಕ ಕೊಡುತ್ತಿದ್ದೆ.

ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಪ್ರಶ್ನೆ: ಶೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕದಲ್ಲಿ, ಸೀಸರನನ್ನು ಕೊಂದವರಲ್ಲಿ ಒಬ್ಬನಾದ ಬ್ರೂಟಸ್ ಒಳ್ಳೆಯವನು, ಅವನ ಮಾತೂ ಸ್ಪಷ್ಟ. ಆದರೂ ಜನ ಸೀಸರನ ಗೆಳೆಯ ಆ್ಯಂಟನಿಯ ಹಿಂದೆ ಹೋದರು. ಮನವೊಲಿಸುವ ಕಲೆ ಎಂದರೆ ಮೋಸವೇ? ಮೊಮ್ಮಗಳಿಗೆ ಏನು ಹೇಳಲಿ?

ಉತ್ತರ: ಸರ್, ಈ ಪ್ರಶ್ನೆ ನನ್ನನ್ನೂ ಬಹಳ ವರ್ಷ ಕಾಡಿದೆ. ಮೂರನೇ ಅಂಕದ ಎರಡನೇ ದೃಶ್ಯವನ್ನು ಇಬ್ಬರೂ ಕೂತು ಗಟ್ಟಿಯಾಗಿ ಓದಿ. ಬ್ರೂಟಸ್ ಗದ್ಯದಲ್ಲಿ ಮಾತಾಡುತ್ತಾನೆ, ಆ್ಯಂಟನಿ ಪದ್ಯದಲ್ಲಿ. ಬ್ರೂಟಸ್‌ಗೆ ಸಾಲುಗಳೆಲ್ಲ ತಕ್ಕಡಿ ತೂಗಿದ ಹಾಗೆ: ಸೀಸರನ ಮೇಲೆ ಪ್ರೀತಿ ಕಡಿಮೆ ಇತ್ತೆಂದಲ್ಲ, ರೋಮಿನ ಮೇಲೆ ಹೆಚ್ಚು ಇತ್ತು ಅಂತ. ನನ್ನ ಮಾನದ ಮೇಲೆ ನಂಬಿಕೆ ಇಡಿ ಎನ್ನುತ್ತಾನೆ. ಆದರೆ ಸೀಸರ್ ಅತಿಯಾಸೆಯವನು ಎಂಬುದಕ್ಕೆ ಒಂದು ಪುರಾವೆಯನ್ನೂ ಕೊಡುವುದಿಲ್ಲ! ಲೋಗಾಸ್‌ನ ಅಂಗಿ ತೊಟ್ಟ ಬರೀ ಈಥಾಸ್ ಅದು.

ಆ್ಯಂಟನಿ ಪುರಾವೆ ಕೊಡುತ್ತಾನೆ. ಸೀಸರ್ ತಂದ ಸೆರೆಯಾಳುಗಳ ಬಿಡುಗಡೆ ಹಣ ಬೊಕ್ಕಸ ತುಂಬಿತು, ಬಡವರು ಅತ್ತಾಗ ಅವನೂ ಅತ್ತ, ಕಿರೀಟವನ್ನು ಮೂರು ಸಲ ಬೇಡ ಎಂದ. ಪ್ರತಿಯೊಂದಾದ ಮೇಲೆ 'ಬ್ರೂಟಸ್ ಗೌರವಸ್ಥ' ಎಂಬ ಅದೇ ಮಾತು. ಮೊದಲ ಸಲ ಅದು ಮರ್ಯಾದೆ, ಕೊನೆಗೆ ಬೈಗುಳ. ಒಂದು ಪದವೂ ಬದಲಾಗಲಿಲ್ಲ, ಅರ್ಥ ಮಾತ್ರ ತಿರುಗಿತು. ಆಮೇಲೆ ಹರಿದ ಮೇಲಂಗಿ, ಮೈಮೇಲಿನ ಗಾಯ, ಉಯಿಲು. ಉಯಿಲು ಇದೆ ಎನ್ನುತ್ತಾನೆ, ಓದುವುದಿಲ್ಲ ಎನ್ನುತ್ತಾನೆ, ಜನರೇ ಓದು ಓದು ಎನ್ನುವ ತನಕ ಕಾಯುತ್ತಾನೆ.

ಮೋಸ ಎಲ್ಲಿದೆ ಎಂದು ಮೊಮ್ಮಗಳನ್ನೇ ಕೇಳಿ. ಕಣ್ಣೀರಿನಲ್ಲಿ ಇಲ್ಲ, ಸೀಸರನ ಮೇಲೆ ಅವನಿಗೆ ನಿಜವಾದ ಪ್ರೀತಿ ಇತ್ತು. ನಿಮ್ಮನ್ನು ದಂಗೆ ಎಬ್ಬಿಸಲು ನಾನು ಬಂದಿಲ್ಲ ಎನ್ನುತ್ತಾ ದಂಗೆ ಎಬ್ಬಿಸಿದ್ದರಲ್ಲಿ ಇದೆ. ಮಾತು ಒಂದು ಕಡೆ, ಮಾತು ಮಾಡುವ ಕೆಲಸ ಇನ್ನೊಂದು ಕಡೆ.

ಮುಂದಿನ ಚಿಕ್ಕ ದೃಶ್ಯವನ್ನು ದಯವಿಟ್ಟು ಬಿಡಬೇಡಿ, ಪರೀಕ್ಷೆಗೆ ಬರುವುದಿಲ್ಲ ಎಂದು ಹಲವರು ಹಾರಿಸುತ್ತಾರೆ. ಅದೇ ಜನ ಬೀದಿಯಲ್ಲಿ ಸಿನ್ನಾ ಎಂಬ ಕವಿಯನ್ನು ತಡೆಯುತ್ತಾರೆ. ಪಿತೂರಿಗಾರರಲ್ಲೂ ಒಬ್ಬ ಸಿನ್ನಾ ಇದ್ದ. ನಾನು ಅವನಲ್ಲ, ಕವಿ, ಎಂದು ಇವನು ಮತ್ತೆ ಮತ್ತೆ ಹೇಳುತ್ತಾನೆ. ಹಾಗಾದರೆ ಕೆಟ್ಟ ಪದ್ಯ ಬರೆದದ್ದಕ್ಕೆ ಹರಿದುಹಾಕಿ ಎಂದು ಒಬ್ಬ ಕೂಗುತ್ತಾನೆ, ಜನ ಅವನ ಮೇಲೆ ಬೀಳುತ್ತಾರೆ.